ಮುಂಬೈ–ಮದ್ರಾಸ್ ವಿಮಾನ ಬಳ್ಳಾರಿಯಲ್ಲಿ ತಂಗಿದ ರಾತ್ರಿ

ಮುಂಬೈಗೂ ಚೆನ್ನೈಗೂ ಎಷ್ಟು ದೂರ ಎಂದು ಕೇಳಿದರೆ ಒಂದಲ್ಲ, ಮೂರು ಉತ್ತರ ಸಿಗುತ್ತವೆ. ಹೆದ್ದಾರಿಯಲ್ಲಿ ಹೋದರೆ ಸುಮಾರು 1,290 ಕಿ.ಮೀ. ರೈಲಿನಲ್ಲಿ ಹೋದರೆ ಸುಮಾರು 1,280 ಕಿ.ಮೀ. ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಸುಮಾರು 1,030 ಕಿ.ಮೀ. ವಿಮಾನದ ಟಿಕೆಟ್ ತೆಗೆದವರಿಗೆ ಈ ಲೆಕ್ಕ ಯಾವುದೂ ಬೇಕಿಲ್ಲ. ಅವರಿಗೆ ಅದು ಎರಡು ಗಂಟೆಗೆ ಸ್ವಲ್ಪ ಕಡಿಮೆ, ಅಷ್ಟೇ.

ಈ ಮೂರೂ ದಾರಿಗಳಲ್ಲಿ ಒಂದು ಸಂಗತಿ ಸಮಾನ. ಮೂರೂ ನಮ್ಮ ಕರ್ನಾಟಕವನ್ನು ಹಾದೇ ಹೋಗುತ್ತವೆ. ಹೆದ್ದಾರಿ ಬೆಳಗಾವಿ, ಧಾರವಾಡ, ದಾವಣಗೆರೆ, ಚಿತ್ರದುರ್ಗ, ತುಮಕೂರು, ಬೆಂಗಳೂರು ಎಂದು ಉದ್ದಕ್ಕೆ ಇಳಿಯುತ್ತದೆ. ರೈಲು ಸೊಲ್ಲಾಪುರ ದಾಟಿ ಕಲಬುರಗಿ, ವಾಡಿ, ಯಾದಗಿರಿ, ರಾಯಚೂರು ಮೂಲಕ ಗುಂತಕಲ್ಲಿಗೆ ಹೋಗುತ್ತದೆ. ಇನ್ನು ಆಕಾಶದ ಗೆರೆ ರಾಯಚೂರಿಗೂ ಬಳ್ಳಾರಿಗೂ ನಡುವೆ, ಆದವಾನಿಯ ಹತ್ತಿರ ಹಾಯುತ್ತದೆ. ಇವತ್ತು ಆ ಗೆರೆಯ ಮೇಲೆ ಹಾರುವವರಿಗೆ ಕೆಳಗೆ ಯಾವ ಊರಿದೆ ಎಂದು ಗೊತ್ತಾಗುವುದಿಲ್ಲ. ಆದರೆ ಈ ಎರಡು ನಗರಗಳ ನಡುವೆ ಮೊದಲ ಸಲ ಅಂಚೆ ವಿಮಾನ ಹಾರಿದಾಗ ಅದು ಬಳ್ಳಾರಿಯಲ್ಲಿ ಇಳಿಯಿತು. ಇಳಿದು, ಒಂದು ರಾತ್ರಿ ಅಲ್ಲೇ ಉಳಿಯಿತು.

ಆ ರಾತ್ರಿಯ ಕಥೆ ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕು. ಹಳೆಯ ಕಾಲದ ಮಾತಾದ್ದರಿಂದ ಚೆನ್ನೈಯನ್ನು ಮದ್ರಾಸ್ ಎಂದೇ ಕರೆಯುತ್ತೇವೆ.

ರಾಯಚೂರಿನಲ್ಲಿ ಕೂಡಿದ ಎರಡು ಹಳಿಗಳು

ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಮುಂಬೈ ಕಡೆಯಿಂದ ಒಂದು ರೈಲು ಕಂಪನಿ ಹಳಿ ಹಾಕುತ್ತ ಬಂತು, ಹೆಸರು ಗ್ರೇಟ್ ಇಂಡಿಯನ್ ಪೆನಿನ್ಸುಲಾ ರೈಲ್ವೆ. ಮದ್ರಾಸಿನ ಕಡೆಯಿಂದ ಮದ್ರಾಸ್ ರೈಲ್ವೆ ಕಂಪನಿ ಇನ್ನೊಂದು ಹಳಿ ಹಾಕುತ್ತ ಬಂತು. 1871ರಲ್ಲಿ ಎರಡೂ ರಾಯಚೂರಿನಲ್ಲಿ ಕೂಡಿದವು. ಆಗ ರಾಯಚೂರು ನಿಜಾಮರ ಸೀಮೆ. ಅಲ್ಲಿಯ ತನಕ ಮುಂಬೈನಿಂದ ಮದ್ರಾಸಿಗೆ ಹೋಗುವುದೆಂದರೆ ಹಡಗಿನಲ್ಲಿ ಇಡೀ ದಕ್ಷಿಣವನ್ನು ಸುತ್ತಬೇಕಿತ್ತು, ಇಲ್ಲವೇ ಗಾಡಿ ಕಟ್ಟಿಕೊಂಡು ವಾರಗಟ್ಟಲೆ ನಡೆಯಬೇಕಿತ್ತು. ಹಳಿ ಕೂಡಿದ ಮೇಲೆ ಅದು ದಿನಗಳ ಲೆಕ್ಕಕ್ಕೆ ಬಂತು.

ಹಳಿ ಕೂಡಿದರೂ ಗಡಿಯಾರ ಕೂಡಿರಲಿಲ್ಲ. ಆಗ ದೇಶಕ್ಕೆಲ್ಲ ಒಂದೇ ಸಮಯ ಇರಲಿಲ್ಲ. ಪ್ರತಿ ದೊಡ್ಡ ಊರೂ ತನ್ನ ನೆತ್ತಿಯ ಮೇಲೆ ಸೂರ್ಯ ಬಂದಾಗ ಮಧ್ಯಾಹ್ನ ಎನ್ನುತ್ತಿತ್ತು. ಮದ್ರಾಸ್ ಪೂರ್ವದಲ್ಲಿರುವುದರಿಂದ ಅಲ್ಲಿ ಸೂರ್ಯ ಬೇಗ ಬರುತ್ತಾನೆ. ಗ್ರೀನಿಚ್ ಸಮಯಕ್ಕಿಂತ ಮದ್ರಾಸ್ 5 ಗಂಟೆ 21 ನಿಮಿಷ ಮುಂದೆ, ಮುಂಬೈ 4 ಗಂಟೆ 51 ನಿಮಿಷ ಮುಂದೆ. ಅಂದರೆ ಎರಡು ನಗರಗಳ ಗಡಿಯಾರಗಳ ನಡುವೆ ಅರ್ಧ ಗಂಟೆಯ ವ್ಯತ್ಯಾಸ. ಗಾಡಿ ಕಟ್ಟಿಕೊಂಡು ಹೋಗುವವನಿಗೆ ಇದರಿಂದ ಏನೂ ಆಗುವುದಿಲ್ಲ. ಒಂದೇ ಹಳಿಯ ಮೇಲೆ ಎದುರುಬದುರು ಬರುವ ರೈಲುಗಳಿಗೆ ಅರ್ಧ ಗಂಟೆ ಎಂದರೆ ಜೀವದ ಪ್ರಶ್ನೆ. ಕೊನೆಗೆ ರೈಲಿನವರು ಮದ್ರಾಸ್ ಸಮಯವನ್ನೇ ಎಲ್ಲ ಕಡೆ ಹಿಡಿದರು. ಈಗ ನಾವು ಕೈಗೆ ಕಟ್ಟಿಕೊಳ್ಳುವ ಭಾರತೀಯ ಕಾಲಮಾನ ಬಂದದ್ದು 1906ರ ಜನವರಿ 1ರಂದು. ಮುಂಬೈ ನಗರ ಮಾತ್ರ ಅದನ್ನು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ, ದಶಕಗಳ ಕಾಲ ತನ್ನದೇ ಸಮಯ ಇಟ್ಟುಕೊಂಡಿತ್ತು.

ಎರಡು ಊರುಗಳ ನಡುವಿನ ಪ್ರಯಾಣ ಚುರುಕಾದಾಗಲೇ ಅವುಗಳ ನಡುವೆ ಸಮಯದ ವ್ಯತ್ಯಾಸ ಇದೆ ಎಂಬುದು ಜನರ ಅನುಭವಕ್ಕೆ ಬಂತು. ದೂರವನ್ನು ಮೈಲಿ ಬಿಟ್ಟು ಗಂಟೆಗಳಲ್ಲಿ ಹೇಳುವ ನಮ್ಮ ಅಭ್ಯಾಸ ಬಲಿತದ್ದೂ ಈ ರೈಲಿನ ಕಾಲದಲ್ಲೇ ಎಂದು ನಮಗೆ ಅನ್ನಿಸುತ್ತದೆ.

ಎತ್ತಿನ ಗಾಡಿಯಲ್ಲಿ ಬಂದ ಪೆಟ್ರೋಲು

ಇನ್ನು ವಿಮಾನದ ವಿಷಯ. 1929ರಲ್ಲಿ ಲಂಡನ್‌ನಿಂದ ಕರಾಚಿಗೆ ಇಂಪೀರಿಯಲ್ ಏರ್‌ವೇಸ್ ವಾರಕ್ಕೊಂದು ಸೇವೆ ಶುರು ಮಾಡಿತು. ಅದೂ ಪೂರ್ತಿ ವಿಮಾನವಲ್ಲ, ಯುರೋಪಿನಲ್ಲಿ ನಡುವೆ ಒಂದಷ್ಟು ದಾರಿ ರೈಲಿನಲ್ಲಿ ಹೋಗಬೇಕಿತ್ತು. ಆದರೂ ಲಂಡನ್ನಿನ ಕಾಗದ ಒಂದು ವಾರದಲ್ಲಿ ಕರಾಚಿ ಮುಟ್ಟುತ್ತಿತ್ತು. ಅಲ್ಲಿಂದ ಮುಂದೆ ಮುಂಬೈ, ಮದ್ರಾಸ್ ಕಡೆಗೆ ಮತ್ತೆ ರೈಲೇ ಗತಿ. ಅಷ್ಟು ದೂರ ಹಾರಿ ಬಂದ ಕಾಗದ ಇಲ್ಲಿಗೆ ಬಂದು ನಿಧಾನವಾಗುತ್ತಿತ್ತು.

ಈ ತುಂಡು ದಾರಿಯನ್ನು ವಿಮಾನದಿಂದ ಜೋಡಿಸೋಣ ಎಂಬ ಯೋಚನೆ ನೆವಿಲ್ ವಿಂಟ್‌ಸೆಂಟ್ ಅವರದು. ಅವರು ಬ್ರಿಟಿಷ್ ವಾಯುಪಡೆಯಲ್ಲಿದ್ದು ಹೊರಬಂದ ಪೈಲಟ್. ಅವರ ಮಾತಿಗೆ ಜೊತೆಯಾದವರು ಜೆ.ಆರ್.ಡಿ. ಟಾಟಾ. 1929ರ ಫೆಬ್ರವರಿಯಲ್ಲಿ ಭಾರತದ ಮೊದಲ ನಂಬರಿನ ಪೈಲಟ್ ಲೈಸೆನ್ಸ್ ಪಡೆದಿದ್ದ ಯುವಕ. ಟಾಟಾ ಸಂಸ್ಥೆಯ ಹಿರಿಯರನ್ನು ಒಪ್ಪಿಸಿ ಸುಮಾರು ಎರಡು ಲಕ್ಷ ರೂಪಾಯಿ ಬಂಡವಾಳ ಹಾಕಿಸಿದರು. ಸರ್ಕಾರ ಸಹಾಯಧನ ಕೊಡಲು ಒಪ್ಪಲಿಲ್ಲ. ಹೊತ್ತ ಅಂಚೆಯ ತೂಕಕ್ಕೆ ತಕ್ಕಂತೆ ಹಣ, ಅಷ್ಟೇ. ಕೈಯಲ್ಲಿದ್ದದ್ದು ಎರಡು ಪುಟ್ಟ ಪಸ್ ಮಾತ್ ವಿಮಾನಗಳು. ಒಂದೇ ಎಂಜಿನ್, ಪೈಲಟ್ ಬಿಟ್ಟರೆ ಇಬ್ಬರು ಕೂರುವಷ್ಟು ಜಾಗ, ಗಂಟೆಗೆ ಸುಮಾರು 160 ಕಿ.ಮೀ. ವೇಗ. ಇವತ್ತು ನಮ್ಮ ಹೆದ್ದಾರಿಗಳಲ್ಲಿ ಹುಚ್ಚು ವೇಗದಲ್ಲಿ ಓಡುವ ಕಾರು ಅದನ್ನು ಮುಟ್ಟುತ್ತದೆ.

1932ರ ಅಕ್ಟೋಬರ್ 15. ಬೆಳಿಗ್ಗೆ 6.35ರ ಸುಮಾರಿಗೆ ಕರಾಚಿಯ ಡ್ರಿಗ್ ರೋಡ್ ಮೈದಾನದಿಂದ ಜೆ.ಆರ್.ಡಿ. ಒಬ್ಬರೇ ಹೊರಟರು. ಹೊತ್ತ ಅಂಚೆ ಸುಮಾರು 25 ಕೆ.ಜಿ. ನಮ್ಮಲ್ಲಿ ಅರ್ಧ ಚೀಲ ಅಕ್ಕಿಯ ತೂಕ. ಅಹಮದಾಬಾದಿನಲ್ಲಿ ಇಳಿದು ಪೆಟ್ರೋಲು ತುಂಬಿಸಿಕೊಂಡರು. ಆ ಪೆಟ್ರೋಲು ಮೈದಾನಕ್ಕೆ ಬಂದದ್ದು ನಾಲ್ಕು ಗ್ಯಾಲನ್ನಿನ ಡಬ್ಬಿಗಳಲ್ಲಿ, ಎತ್ತಿನ ಗಾಡಿಯ ಮೇಲೆ. ದೇಶದ ವಿಮಾನಯಾನದ ಚರಿತ್ರೆಯಲ್ಲಿ ಈ ಎತ್ತಿನ ಗಾಡಿಯನ್ನು ತಮಾಷೆಯ ಸಂಗತಿಯಂತೆ ಹೇಳುವುದುಂಟು. ನಮಗೆ ಅದು ತಮಾಷೆ ಅನ್ನಿಸುವುದಿಲ್ಲ. ಎತ್ತು ಆ ಡಬ್ಬಿಗಳನ್ನು ಎಳೆದು ತರದಿದ್ದರೆ ವಿಮಾನ ಮುಂದೆ ಹೋಗುತ್ತಿರಲಿಲ್ಲ.

ಮಧ್ಯಾಹ್ನ 1.50ಕ್ಕೆ ಜೆ.ಆರ್.ಡಿ. ಮುಂಬೈನ ಜುಹುವಿನಲ್ಲಿ ಇಳಿದರು. ಎಲ್ಲ ಪುಸ್ತಕಗಳೂ ಈ ಕಥೆಯನ್ನು ಇಲ್ಲಿಗೆ ಹೆಚ್ಚುಕಡಿಮೆ ಮುಗಿಸುತ್ತವೆ. ಆದರೆ ಆ ದಿನದ ಅಂಚೆ ಇಲ್ಲಿಗೆ ಮುಗಿದಿರಲಿಲ್ಲ. ಮದ್ರಾಸಿನ ಚೀಲವನ್ನು ಎರಡನೇ ಪಸ್ ಮಾತ್‌ಗೆ ಹಾಕಿಕೊಂಡು ವಿಂಟ್‌ಸೆಂಟ್ ಆಗ್ನೇಯಕ್ಕೆ ಹೊರಟರು. ಅವರ ಮುಂದಿನ ನಿಲ್ದಾಣ ಬಳ್ಳಾರಿ.

ಆರೂವರೆ ಗಂಟೆ ಎರಡು ದಿನವಾದದ್ದು

ಇಲ್ಲಿ ಒಂದು ಸಣ್ಣ ಲೆಕ್ಕ ಮಾಡೋಣ. ಮುಂಬೈನಿಂದ ಬಳ್ಳಾರಿಗೆ ನೇರ ಗೆರೆಯಲ್ಲಿ ಸುಮಾರು 610 ಕಿ.ಮೀ. ಬಳ್ಳಾರಿಯಿಂದ ಮದ್ರಾಸಿಗೆ ಸುಮಾರು 430. ಒಟ್ಟು 1,040. ಬಳ್ಳಾರಿಯಲ್ಲಿ ಇಳಿಯದೆ ನೇರ ಹೋದರೆ 1,030. ಬಳ್ಳಾರಿಗಾಗಿ ಪೈಲಟ್ ಸುತ್ತಬೇಕಾದದ್ದು ಹತ್ತು ಕಿಲೋಮೀಟರಿನಷ್ಟು ಮಾತ್ರ. ನಕ್ಷೆಯ ಮೇಲೆ ದಾರ ಹಿಡಿದು ನೋಡಿದರೆ ಇದು ಕಣ್ಣಿಗೇ ಕಾಣುತ್ತದೆ. ಇಷ್ಟು ಸರಿಯಾದ ಜಾಗದಲ್ಲಿ ಬೇರೆ ದೊಡ್ಡ ಊರು ಸಿಗುವುದು ಕಷ್ಟ. ಜೊತೆಗೆ ಬಳ್ಳಾರಿ ದಂಡಿನ ಊರು, ಜಿಲ್ಲಾ ಕೇಂದ್ರ, ರೈಲು ಇರುವ ಊರು. ಸುತ್ತ ಬಯಲು. ಆ ಬಯಲಿನ ನಡುವೆ ದೂರದಿಂದಲೇ ಗುರುತು ಸಿಗುವ ಕೋಟೆ ಗುಡ್ಡ.

1,040 ಕಿ.ಮೀ. ದೂರವನ್ನು ಗಂಟೆಗೆ 160ರ ವೇಗದಲ್ಲಿ ಹಾರಿದರೆ ಆರೂವರೆ ಗಂಟೆ. ಆ ಲೆಕ್ಕದಲ್ಲಿ ಎರಡು ಗಂಟೆಗೆ ಮುಂಬೈ ಬಿಟ್ಟವರು ರಾತ್ರಿ ಊಟದ ಹೊತ್ತಿಗೆ ಮದ್ರಾಸ್ ಸೇರಬೇಕಿತ್ತು. ಆದರೆ ಆಗಿನ ವಿಮಾನ ರಾತ್ರಿ ಹಾರುವಂತಿರಲಿಲ್ಲ. ದಾರಿ ತೋರುವ ದೀಪಗಳಿಲ್ಲ, ನೆಲದಿಂದ ಮಾತಾಡುವ ರೇಡಿಯೊ ಇಲ್ಲ. ನಕ್ಷೆ, ದಿಕ್ಸೂಚಿ, ಮತ್ತೆ ಕಣ್ಣಿಗೆ ಕಾಣುವ ನದಿ, ಹಳಿ, ಗುಡ್ಡಗಳೇ ಆಧಾರ. ಎರಡು ಗಂಟೆಯ ಮೇಲೆ ಮುಂಬೈ ಬಿಟ್ಟರೆ, ಗಾಳಿ ಅಡ್ಡ ಬರದಿದ್ದರೂ ಬಳ್ಳಾರಿ ಮುಟ್ಟುವುದು ಸಂಜೆ ಆರರ ಹೊತ್ತಿಗೆ. ಅಕ್ಟೋಬರ್ ನಡುವಿನಲ್ಲಿ ಬಳ್ಳಾರಿಯಲ್ಲಿ ಸೂರ್ಯ ಮುಳುಗುವುದೂ ಅದೇ ಹೊತ್ತಿಗೆ. ಹಾಗಾಗಿ ವಿಂಟ್‌ಸೆಂಟ್ ರಾತ್ರಿ ಬಳ್ಳಾರಿಯಲ್ಲಿ ಕಳೆದು, ಮರುದಿನ, ಅಂದರೆ 16ರಂದು ಮದ್ರಾಸಿಗೆ ಹಾರಿದರು.

ಹಾರಾಟದ ಸಮಯ ಬೇರೆ, ಪ್ರಯಾಣದ ಸಮಯ ಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಇವತ್ತೂ ಟಿಕೆಟ್ಟಿನ ಮೇಲಿರುವ ಸಮಯ ಗಾಳಿಯಲ್ಲಿ ಕಳೆಯುವ ಸಮಯವಲ್ಲ. ವಿಮಾನ ನಿಂತ ಜಾಗದಿಂದ ಕದಲಿದ ಕ್ಷಣದಿಂದ ಇನ್ನೊಂದು ಊರಿನಲ್ಲಿ ನಿಂತ ಕ್ಷಣದವರೆಗಿನ ಲೆಕ್ಕ ಅದು. ಓಡುದಾರಿಗಾಗಿ ಕಾಯುವುದು, ಇಳಿಯಲು ಸರದಿ ಸಿಗದೆ ಸುತ್ತುವುದು, ಎಲ್ಲ ಅದರೊಳಗೇ ಬರುತ್ತವೆ. ಮನೆಯಿಂದ ನಿಲ್ದಾಣಕ್ಕೆ ಹೋಗುವ ಸಮಯ ಮಾತ್ರ ಯಾವ ಟಿಕೆಟ್ಟಿನ ಮೇಲೂ ಇರುವುದಿಲ್ಲ. ಅದನ್ನು ಅವರವರೇ ಲೆಕ್ಕ ಹಾಕಿಕೊಳ್ಳಬೇಕು.

ಮುಂಬೈನಿಂದ ಬಳ್ಳಾರಿಗೆ ನೇರ ಗೆರೆ ಎಳೆದು ನೋಡಿದರೆ ಅದು ಸಹ್ಯಾದ್ರಿ ದಾಟಿ, ಜತ್ತ ಸೀಮೆಯ ಪಕ್ಕದಲ್ಲಿ ಹಾದು, ಬಾಗಲಕೋಟೆಯ ಹತ್ತಿರ ಬಂದು, ಗಂಗಾವತಿಯ ಬಳಿ ತುಂಗಭದ್ರೆಯ ಕಡೆಗೆ ಇಳಿಯುತ್ತದೆ. 1932ರಲ್ಲಿ ತುಂಗಭದ್ರಾ ಅಣೆಕಟ್ಟು ಇರಲಿಲ್ಲ. ಗಂಗಾವತಿ, ಸಿರುಗುಪ್ಪದ ಕಡೆ ಈಗ ಕಾಣುವ ಕಾಲುವೆ, ಭತ್ತದ ಹಸಿರು ಆಗಿರಲಿಲ್ಲ. ಮೇಲಿನಿಂದ ನೋಡಿದವರಿಗೆ ಕಂಡದ್ದು ಕಪ್ಪು ಎರೆ ನೆಲ, ಬಂಡೆಗುಡ್ಡ, ಮಳೆಗಾಗಿ ಕಾಯುವ ಜೋಳದ ಹೊಲ. ಹಿಂಗಾರಿ ಬಿತ್ತನೆಯ ಹೊತ್ತು ಅದು. ಬಿತ್ತುತ್ತಿದ್ದವರು ತಲೆ ಎತ್ತಿ ನೋಡಿರಬೇಕು.

ಬಳ್ಳಾರಿಗೆ ಮದ್ರಾಸ್ ಪರದೇಶವೇನೂ ಆಗಿರಲಿಲ್ಲ. 1800ರಲ್ಲಿ ನಿಜಾಮರು ಈ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟಾಗಿನಿಂದ 1953ರವರೆಗೆ ಬಳ್ಳಾರಿಯ ರಾಜಧಾನಿ ಮದ್ರಾಸೇ. ವ್ಯಾಜ್ಯ, ಸರ್ಕಾರಿ ಕಾಗದ, ದೊಡ್ಡ ಓದು ಎಲ್ಲಕ್ಕೂ ಅಲ್ಲಿಗೇ ಹೋಗಬೇಕಿತ್ತು. ಹಾಗಾಗಿ ಮುಂಬೈ–ಮದ್ರಾಸ್ ವಿಮಾನ ಬಳ್ಳಾರಿಯಲ್ಲಿ ನಿಂತಿತು ಎಂದರೆ ಇಬ್ಬರು ದೊಡ್ಡವರ ನಡುವೆ ನಮ್ಮವರೊಬ್ಬರಿಗೆ ಕೂರಲು ಜಾಗ ಸಿಕ್ಕಿತ್ತು ಎಂದು ಅರ್ಥ.

ಹೆಚ್ಚು ದೂರ, ಕಡಿಮೆ ಸಮಯ

ವಾರಕ್ಕೊಂದರಂತೆ ಶುರುವಾದ ಈ ಸೇವೆ ಚೆನ್ನಾಗಿಯೇ ನಡೆಯಿತು. ಮೊದಲ ವರ್ಷದಲ್ಲಿ 1,60,000 ಮೈಲಿ ಹಾರಾಟ, 155 ಪ್ರಯಾಣಿಕರು, 9.72 ಟನ್ ಅಂಚೆ, 60,000 ರೂಪಾಯಿ ಲಾಭ. ಜುಹುವಿನ ಮೈದಾನ ಸಮುದ್ರದ ಪಕ್ಕದ ಕೆಸರು ನೆಲ. ಮಳೆಗಾಲದಲ್ಲಿ ಅಲ್ಲಿ ಚಕ್ರ ಊರುವಂತಿರಲಿಲ್ಲ. ಆ ತಿಂಗಳುಗಳಲ್ಲಿ ವಿಮಾನಗಳು ಪುಣೆಗೆ ಹೋಗುತ್ತಿದ್ದವು. ಆದರೂ ಹೊತ್ತಿಗೆ ಸರಿಯಾಗಿ ಅಂಚೆ ಮುಟ್ಟಿಸುತ್ತಾರೆ ಎಂಬ ಹೆಸರು ಬಂತು. ಸರ್ಕಾರದ ವಿಮಾನಯಾನ ಇಲಾಖೆಯೇ ತನ್ನ ವರದಿಯಲ್ಲಿ ಹೊಗಳಿತು.

ಬಳ್ಳಾರಿಯ ಭಾಗ್ಯ ಮಾತ್ರ ಹೆಚ್ಚು ದಿನ ಉಳಿಯಲಿಲ್ಲ. 1930ರ ದಶಕ ಮುಗಿಯುವ ಮೊದಲೇ ಮುಂಬೈ–ಮದ್ರಾಸ್ ಮಾರ್ಗ ಹೈದರಾಬಾದಿನ ಮೇಲೆ ಹೋಗತೊಡಗಿತು. ದಾರ ಹಿಡಿದು ನೋಡಿದರೆ ಹೈದರಾಬಾದ್ ಬಳ್ಳಾರಿಗಿಂತ ಹೆಚ್ಚು ಸುತ್ತು. ಆದರೆ ಅದು ನಿಜಾಮರ ರಾಜಧಾನಿ, ಹತ್ತುವವರೂ ಇಳಿಯುವವರೂ ಇರುವ ಊರು. ಬಳ್ಳಾರಿಯನ್ನು ಆರಿಸಿದ್ದು ನಕ್ಷೆ, ಹೈದರಾಬಾದನ್ನು ಆರಿಸಿದ್ದು ಜನ ಮತ್ತು ಹಣ.

ಸ್ವಾತಂತ್ರ್ಯ ಬಂದ ಮೇಲೆ ಇನ್ನೊಂದು ತಮಾಷೆ ನಡೆಯಿತು. 1949ರಲ್ಲಿ ರಾತ್ರಿ ವಿಮಾನ ಅಂಚೆ ಶುರುವಾಯಿತು. ದೆಹಲಿ, ಮುಂಬೈ, ಕಲ್ಕತ್ತ, ಮದ್ರಾಸ್ ನಾಲ್ಕೂ ಕಡೆಯಿಂದ ವಿಮಾನಗಳು ರಾತ್ರಿ ಹೊರಟು ನಾಗಪುರದಲ್ಲಿ ಸೇರುತ್ತಿದ್ದವು. ಅಲ್ಲಿ ಚೀಲಗಳನ್ನು ಬದಲಾಯಿಸಿಕೊಂಡು ಬೆಳಗಾಗುವ ಹೊತ್ತಿಗೆ ತಮ್ಮ ತಮ್ಮ ಊರಿಗೆ ಮರಳುತ್ತಿದ್ದವು. ಮುಂಬೈನಿಂದ ನಾಗಪುರದ ಮೇಲೆ ಮದ್ರಾಸಿಗೆ ಸುಮಾರು 1,600 ಕಿ.ಮೀ. ನೇರ ದಾರಿಗಿಂತ ಅರ್ಧದಷ್ಟು ಜಾಸ್ತಿ. ಆದರೂ ಸಂಜೆ ಮುಂಬೈನಲ್ಲಿ ಡಬ್ಬಿಗೆ ಹಾಕಿದ ಕಾಗದ ಬೆಳಿಗ್ಗೆ ಮದ್ರಾಸಿನಲ್ಲಿ ಇರುತ್ತಿತ್ತು. 1932ರಲ್ಲಿ ಕಡಿಮೆ ದೂರಕ್ಕೆ ಹೆಚ್ಚು ಸಮಯ ಬೇಕಾಯಿತು. 1949ರಲ್ಲಿ ಹೆಚ್ಚು ದೂರಕ್ಕೆ ಕಡಿಮೆ ಸಮಯ ಸಾಕಾಯಿತು. ಹದಿನೇಳು ವರ್ಷಗಳಲ್ಲಿ ಬದಲಾದದ್ದು ವಿಮಾನವೊಂದೇ ಅಲ್ಲ, ರಾತ್ರಿಯನ್ನು ಬಳಸಿಕೊಳ್ಳುವ ಕಲೆಯೂ ಕೈಗೆ ಬಂದಿತ್ತು.

ಆಮೇಲೆ ಜೆಟ್ ವಿಮಾನಗಳು ಬಂದವು. ಗಂಟೆಗೆ 800 ಕಿ.ಮೀ. ಮೀರಿದ ವೇಗ. ಮುಂಬೈ–ಮದ್ರಾಸ್ ನಡುವೆ ಎಲ್ಲೂ ಇಳಿಯಬೇಕಾದ ಅಗತ್ಯವೇ ಉಳಿಯಲಿಲ್ಲ. ಬಳ್ಳಾರಿಯೂ ಬೇಡ, ಹೈದರಾಬಾದೂ ಬೇಡ, ನಾಗಪುರವೂ ಬೇಡ.

ವಿಂಟ್‌ಸೆಂಟ್ 1942ರಲ್ಲಿ, ಯುದ್ಧದ ನಡುವೆ, ವಿಮಾನ ಪ್ರಯಾಣದಲ್ಲೇ ತೀರಿಕೊಂಡರು. ಜೆ.ಆರ್.ಡಿ. ಬಹುಕಾಲ ಬದುಕಿದರು. 1982ರ ಅಕ್ಟೋಬರ್ 15ರಂದು, ತಮ್ಮ 78ನೇ ವಯಸ್ಸಿನಲ್ಲಿ, ಮೊದಲ ಹಾರಾಟದ ಐವತ್ತು ವರ್ಷದ ನೆನಪಿಗೆ ಮತ್ತೆ ಕರಾಚಿಯಿಂದ ಹಳೆಯ ಕಾಲದ ಪುಟ್ಟ ವಿಮಾನವೊಂದರಲ್ಲಿ ಹಾರಿ ಬಂದರು. ಆ ಪ್ರಯಾಣ ಜುಹುವಿನಲ್ಲಿ ಮುಗಿಯಿತು. ಬಳ್ಳಾರಿಯ ಪಾಲಿನ ಅರ್ಧ ಕಥೆ ಆ ನೆನಪಿನಲ್ಲಿ ಸೇರಲಿಲ್ಲ.

ನಡುವಿನ ಊರಿನ ಲೆಕ್ಕ

ಹಳೆಯದೇ ಚೆನ್ನಾಗಿತ್ತು ಎಂದು ನಾವು ಹೇಳುತ್ತಿಲ್ಲ. ಬಳ್ಳಾರಿಯಲ್ಲಿ ವಿಮಾನ ಇಳಿದದ್ದು ಬಳ್ಳಾರಿಯ ಮೇಲಿನ ಪ್ರೀತಿಯಿಂದಲ್ಲ. ಅದಕ್ಕೆ ಕತ್ತಲಿನ ಭಯವಿತ್ತು, ಟ್ಯಾಂಕು ಚಿಕ್ಕದಿತ್ತು. ಆ ಎರಡೂ ತೊಂದರೆ ನೀಗಿದ್ದು ಒಳ್ಳೆಯದೇ. ನಮ್ಮ ಮಾತು ಇಷ್ಟೇ: ಎರಡು ದೊಡ್ಡ ಊರುಗಳ ನಡುವೆ ಉಳಿದ ಸಮಯ ಆ ಎರಡು ಊರಿನವರಿಗೆ ಉಳಿಯಿತು. ನಡುವಿನವರಿಗೆ ಅದರಲ್ಲಿ ಪಾಲು ಬರಲಿಲ್ಲ.

ಇವತ್ತು ಬಳ್ಳಾರಿಯ ಒಬ್ಬರಿಗೆ ಮುಂಬೈಗೆ ಹಾರಬೇಕೆಂದರೆ ಸಾಮಾನ್ಯವಾಗಿ ಮೊದಲು ಬೆಂಗಳೂರಿಗೋ, ಹೈದರಾಬಾದಿಗೋ, ಹುಬ್ಬಳ್ಳಿಗೋ ಹೋಗಬೇಕು. ಬೆಂಗಳೂರು ಎಂದರೆ ರಸ್ತೆಯಲ್ಲಿ 300 ಕಿ.ಮೀ. ಮೀರಿದ ದಾರಿ, ಅದೂ ಮುಂಬೈಗೆ ಬೆನ್ನು ಹಾಕಿ. ಆರೇಳು ಗಂಟೆ ಬಸ್ಸು, ನಿಲ್ದಾಣದಲ್ಲಿ ಎರಡು ಗಂಟೆ ಕಾಯುವುದು, ಎರಡು ಗಂಟೆ ಹಾರಾಟ. ಎಲ್ಲ ಕೂಡಿಸಿದರೆ ಹತ್ತು ಹನ್ನೊಂದು ಗಂಟೆ. 1932ರ ಆ ಶನಿವಾರ ಪಸ್ ಮಾತ್‌ನ ವೇಗಕ್ಕೆ ಇದೇ ದೂರ ನಾಲ್ಕು ಗಂಟೆಗಿಂತ ಕಡಿಮೆಯದು.

ಈ ಕೊರತೆ ತುಂಬುವ ಪ್ರಯತ್ನಗಳು ನಡೆದಿವೆ. ಬಳ್ಳಾರಿಯಿಂದ ಮೂವತ್ತು ಚಿಲ್ಲರೆ ಕಿ.ಮೀ. ದೂರದ ತೋರಣಗಲ್ಲಿನಲ್ಲಿ, ಉಕ್ಕಿನ ಕಾರ್ಖಾನೆಯ ಪಕ್ಕ, ವಿದ್ಯಾನಗರ ವಿಮಾನ ನಿಲ್ದಾಣವಿದೆ. ಉಡಾನ್ ಯೋಜನೆಯಡಿ 2017ರಲ್ಲಿ ಅಲ್ಲಿಗೆ ಪ್ರಯಾಣಿಕರ ವಿಮಾನ ಬಂತು. 2019ರ ನವೆಂಬರಿನಲ್ಲಿ ಕಲಬುರಗಿ ನಿಲ್ದಾಣ ತೆರೆಯಿತು. ಇನ್ನೊಂದು ಕಡೆ, ಬಳ್ಳಾರಿ ಪಕ್ಕದ ಚಾಗನೂರು, ಸಿರಿವಾರ ಭಾಗದಲ್ಲಿ ಹೊಸ ನಿಲ್ದಾಣಕ್ಕೆಂದು ನೂರಾರು ಎಕರೆ ಕೃಷಿ ಜಮೀನಿಗೆ ಸರ್ಕಾರ ಕೈ ಹಾಕಿತು. ಬೆಳೆಯುವ ಭೂಮಿ ಬಿಡುವುದಿಲ್ಲ ಎಂದು ರೈತರು ಬೀದಿಗೆ ಇಳಿದು ಹೋರಾಡಿದರು. ಯೋಜನೆ ವರ್ಷಗಟ್ಟಲೆ ನನೆಗುದಿಗೆ ಬಿತ್ತು.

ನಡುವಿನ ಊರಿನ ಇಕ್ಕಟ್ಟು ಇದೇ. ವಿಮಾನ ಬೇಕು ಎಂದರೆ ಹೊಲ ಬಿಡಬೇಕು. ಹೊಲ ಬಿಟ್ಟ ಮೇಲೂ ವಿಮಾನ ಇಳಿಯುತ್ತದೆ ಎಂಬ ಖಾತ್ರಿ ಇಲ್ಲ. ಇಳಿದರೂ ಸೀಟು ತುಂಬದಿದ್ದರೆ ನಾಳೆ ಬರುವುದಿಲ್ಲ. ಹೈದರಾಬಾದಿನ ಎದುರು ಬಳ್ಳಾರಿ ಸೋತದ್ದು ಅದೇ ಲೆಕ್ಕದಲ್ಲಿ. ಆ ಲೆಕ್ಕ ಈಗಲೂ ಬದಲಾಗಿಲ್ಲ.

ಮುಂಬೈಗೂ ಚೆನ್ನೈಗೂ ಎಷ್ಟು ದೂರ ಎಂದು ಯಾರಾದರೂ ಕೇಳಿದರೆ ಎರಡು ಗಂಟೆ ಎನ್ನಬಹುದು, ತಪ್ಪಿಲ್ಲ. ಆದರೆ ಆ 1,030 ಕಿ.ಮೀ. ಹಾಗೇ ಇದೆ, ಒಂದು ಗೇಣೂ ಕಡಿಮೆಯಾಗಿಲ್ಲ. ಅದರ ಕೆಳಗೆ ಬಾಗಲಕೋಟೆ ಇದೆ, ಗಂಗಾವತಿ ಇದೆ, ಬಳ್ಳಾರಿ ಇದೆ, ಆದವಾನಿ ಇದೆ. ಅಲ್ಲಿರುವವರಿಗೆ ಆ ಎರಡು ಗಂಟೆ ತಲೆಯ ಮೇಲೆ ಹಾದು ಹೋಗುವ ಒಂದು ಬಿಳಿ ಗೆರೆ. ಅದನ್ನು ನೋಡಿ, ಬಸ್ಸು ಎಷ್ಟು ಹೊತ್ತಿಗೆ ಎಂದು ಕೇಳಿಕೊಂಡು ಅವರು ನಿಲ್ದಾಣದ ಕಡೆ ನಡೆಯುತ್ತಾರೆ.